ಮೊದಲು ಹಕ್ಕಿ, ಆಮೇಲೆ ಕೋವಿ: ಲ್ಯಾಬ್ ಮರಿಯನ್ನ ಫೆಸೆಂಟ್ ಶಿಕಾರಿಗೆ ತಯಾರು ಮಾಡೋದು

ನಾನಿರೋ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಫೆಸೆಂಟ್, ಅಂದ್ರೆ ಕೋಳಿ ಜಾತಿಯ ಒಂದು ಕಾಡುಹಕ್ಕಿ, ಅದರ ಶಿಕಾರಿ ಸೀಸನ್ ಅಕ್ಟೋಬರ್ ಮಧ್ಯದ ಒಂದು ಶನಿವಾರ ಶುರು ಆಗತ್ತೆ, ಅದಕ್ಕೆ ಒಂದು ವಾರ ಮುಂಚೆ ನಂಗೆ ಫೋನ್ ಬರೋಕೆ ಶುರು. "ಅಣ್ಣಾ, ಮನೇಲಿ ಲ್ಯಾಬ್ರಡಾರ್ ಇದೆ, ಒಂದೂವರೆ ವರ್ಷ ಆಯ್ತು, ಈ ಸಲ ನಿಮ್ ಜೊತೆ ಕರ್ಕೊಂಡು ಬರ್ಲಾ?" ನಾನು ಕೇಳೋದು ಒಂದೇ ಪ್ರಶ್ನೆ, ನಿಮ್ ನಾಯಿ ಹಕ್ಕಿ ನೋಡಿದ್ಯಾ, ನೋಡಿದ್ಯಾ ಅಂದ್ರೆ ಕಿಟಕಿಯಿಂದ ಅಲ್ಲ, ಮೂಸಿ, ಬಾಯಲ್ಲಿ ಹಿಡಿದು, ಹುಲ್ಲಿಂದ ಎಬ್ಬಿಸಿ ನೋಡಿದ್ಯಾ. ಇಲ್ಲ ಅಂದ್ರೆ ಈ ವರ್ಷ ಬೇಡ, ನೀವೊಬ್ರೇ ಬನ್ನಿ, ನಾಯಿಗೆ ಮುಂದಿನ ವರ್ಷದವರೆಗೆ ಟೈಮ್ ಕೊಡಿ ಅಂತೀನಿ. ಕೆಲವರಿಗೆ ಬೇಜಾರಾಗತ್ತೆ, ಆದ್ರೂ ಅದನ್ನೇ ಹೇಳ್ತೀನಿ.

ಯಾಕೆ ಅಂದ್ರೆ ನನ್ನ ಮೊದಲ ನಾಯಿ ಕಾಳ. ಅವನಿಗೆ 5 ತಿಂಗಳಿದ್ದಾಗ, ಸದ್ದು ಅಭ್ಯಾಸ ಆಗ್ಲಿ ಅಂತ ಯಾರೋ ಹೇಳಿದ ಮಾತು ಕೇಳಿ ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋದೆ, ಮೂರನೇ ಈಡಿಗೆ ಅವನು ಕಾರಿನ ಕೆಳಗೆ ಸೇರ್ಕೊಂಡ, ಅರ್ಧ ಗಂಟೆ ಹೊರಗೆ ಬರ್ಲಿಲ್ಲ. ಆಮೇಲೆ 11 ವರ್ಷ ಬದುಕಿದ, ಮಕ್ಕಳ ಜೊತೆ ಬೆಳೆದ, ಇಷ್ಟು ಒಳ್ಳೆ ನಾಯಿ ಇರಲ್ಲ, ಆದ್ರೆ ನಾನು ಕೋವಿ ಕೇಸಿನ ಜಿಪ್ ಎಳೆದ್ರೆ ಸಾಕು ಬಾತ್‌ರೂಮಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ತಿದ್ದ. ಅದು ಅವನ ಹುಟ್ಟುಗುಣ ಅಲ್ಲ, ನನ್ನ ಆತುರದಿಂದ ಆಗಿದ್ದು. ಈಗಿನ ಹುಡುಗಿ ಚುಕ್ಕಿ, ಕಪ್ಪು ಲ್ಯಾಬ್, ಎದೆ ಮೇಲೆ ಒಂದು ಬಿಳಿ ಚುಕ್ಕೆ, ಅವಳ ಜೊತೆ ಎಲ್ಲಾ ನಿಧಾನಕ್ಕೆ ಮಾಡಿದೆ. ಕೆಳಗೆ ಬರೆದಿದ್ದೆಲ್ಲ ಹೆಚ್ಚುಕಮ್ಮಿ ಅವಳ ಜೊತೆ ಕಲಿತಿದ್ದು, ಮತ್ತೆ ಇಲ್ಲಿನ ಹಳೇ ಶಿಕಾರಿಯವರು ಗದ್ದೆ ಅಂಚಲ್ಲಿ ನಿಂತು ತೋರಿಸಿಕೊಟ್ಟಿದ್ದು.

ಊರಲ್ಲಿ ಕೂತು ಓದೋರಿಗೆ ಒಂದು ಮಾತು. ನಾನು ಮಲೆನಾಡಿನವನು, ಅಜ್ಜನ ಕಾಲದ ಶಿಕಾರಿ ಕಥೆ ಕೇಳ್ಕೊಂಡೇ ಬೆಳೆದವನು, ಆದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಅದು ಅಪರಾಧ, ಕಾಡು ಉಳಿಬೇಕು ಅಂದ್ರೆ ಹಾಗೇ ಇರ್ಬೇಕು. ಅಲ್ಲಿರೋರು ಇದರಲ್ಲಿ ವಿಷಲ್, ಬಂಪರ್ (ನಾಯಿ ಎತ್ತಿ ತರ್ಲಿ ಅಂತ ಎಸೆಯೋ ಉದ್ದನೆ ಬೊಂಬೆ), ನೀರಿನ ಭಾಗ ಮಾತ್ರ ತಗೊಳ್ಳಿ, ಲ್ಯಾಬಿಗೆ ಅಷ್ಟೇ ಸಾಕು, ಖುಷಿಯಾಗಿರತ್ತೆ. ಇಲ್ಲಿ ಲೆಕ್ಕ ಬೇರೆ. ಫೆಸೆಂಟ್ ಅಮೆರಿಕದ ಹಕ್ಕಿನೇ ಅಲ್ಲ, 1880ರ ದಶಕದ ಶುರುವಲ್ಲಿ ಚೀನಾದಿಂದ ತಂದು ಆರೆಗಾನಿನಲ್ಲಿ ಬಿಟ್ಟಿದ್ದು, ಅಲ್ಲಿಂದ ದೇಶದ ಬೇರೆ ಕಡೆಗೂ ಹಬ್ಬಿತು. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡತ್ತೆ, ಅದಕ್ಕೇ ಇಲ್ಲಿ ಹುಂಜ ಮಾತ್ರ ಹೊಡೀಬಹುದು, ಹೇಂಟೆ ಮುಟ್ಟೋ ಹಾಗಿಲ್ಲ, ದಿನಕ್ಕೆ 2 ಹುಂಜ, ಡಿಸೆಂಬರ್ 1ರಿಂದ 3, ಬೆಳಿಗ್ಗೆ 9ರಿಂದ ಸೂರ್ಯ ಮುಳುಗೋವರೆಗೆ. ನಿಯಮ ಬದಲಾಗ್ತಾ ಇರತ್ತೆ, ಆ ವರ್ಷದ ಕೈಪಿಡಿ ನೋಡ್ಕೊಳ್ಳಿ. ಇನ್ನೊಂದು, ಎಚ್1ಬಿ ಥರ ವೀಸಾದಲ್ಲಿರೋರಿಗೆ ಬಂದೂಕು ಇಟ್ಕೊಳ್ಳೋ ವಿಷಯದಲ್ಲಿ ಫೆಡರಲ್ ಕಾನೂನು ಬೇರೆ ಇದೆ, ಹಂಟಿಂಗ್ ಲೈಸೆನ್ಸ್ ಇದ್ದೋರಿಗೆ ವಿನಾಯಿತಿ ಇದೆ, ಆದ್ರೂ ವಕೀಲರನ್ನ ಕೇಳದೆ ಕೈ ಹಾಕ್ಬೇಡಿ. ನಾಯಿ ತಯಾರು ಮಾಡೋಕೆ ನಿಮ್ಮ ಕೈಯಲ್ಲಿ ಕೋವಿ ಇರ್ಲೇಬೇಕು ಅಂತೇನಿಲ್ಲ, ಜೊತೆಗಾರರು ಹೊಡೆದ್ರೂ ಆಗತ್ತೆ.

ಮರಿ ಆರಿಸೋದ್ರಲ್ಲೇ ಅರ್ಧ ಕೆಲಸ ಮುಗಿಯತ್ತೆ. ಲ್ಯಾಬಲ್ಲಿ ಪ್ರದರ್ಶನಕ್ಕೆ ಬೆಳೆಸಿದ ಶೋ ಲೈನ್ ಬೇರೆ, ಶಿಕಾರಿಗೆ ಬೆಳೆಸಿದ ಫೀಲ್ಡ್ ಲೈನ್ ಬೇರೆ. ಶೋ ಲೈನಿದು ದಪ್ಪ ತಲೆ, ಗುಂಡು ಮೈ, ನೋಡೋಕೆ ಚೆಂದ, ಫೀಲ್ಡ್ ಲೈನಿದು ತೆಳ್ಳಗೆ, ಉದ್ದ ಕಾಲು, ಮನೇಲಿ ಸುಮ್ನೆ ಕೂರಲ್ಲ. ತಾಯಿ ತಂದೆ ನಿಜವಾಗ್ಲೂ ಹಕ್ಕಿ ಕೆಲಸ ಮಾಡಿದಾವಾ ಅಂತ ಕೇಳಿ, ಸಾಧ್ಯ ಆದ್ರೆ ಹೋಗಿ ನೋಡಿ. ಸೊಂಟ, ಮೊಣಕೈ ಎಕ್ಸ್‌ರೇ ಸರ್ಟಿಫಿಕೇಟ್, ಕಣ್ಣಿನ ಪರೀಕ್ಷೆ, ಇವು ಇಲ್ಲದ ಮರಿ ಅರ್ಧ ಬೆಲೆಗೆ ಕೊಟ್ರೂ ಬೇಡ. ಲ್ಯಾಬಲ್ಲಿ ಇನ್ನೊಂದು ಕಾಯಿಲೆ ಇದೆ, ಇ.ಐ.ಸಿ. (ಎಕ್ಸರ್ಸೈಜ್ ಇಂಡ್ಯೂಸ್ಡ್ ಕೊಲ್ಯಾಪ್ಸ್) ಅಂತಾರೆ, ಜೋರಾಗಿ ಓಡ್ತಾ ಓಡ್ತಾ ಹಿಂಗಾಲು ಸೋತು ಬಿದ್ದುಬಿಡತ್ತೆ, ಕೆಲವು ಸಲ ಸತ್ತೇ ಹೋಗತ್ತೆ. ಇದರ ಜೀನ್ ಕಂಡುಹಿಡಿದಿದ್ದು ನಮ್ಮ ಮಿನ್ನೆಸೋಟಾ ಯೂನಿವರ್ಸಿಟಿಯವರ ತಂಡವೇ, 2008ರಲ್ಲಿ ಪ್ರಕಟ ಆಯ್ತು, ಈಗ ಸುಲಭದ ಡಿಎನ್ಎ ಟೆಸ್ಟ್ ಇದೆ, ರಿಸಲ್ಟ್ ತೋರಿಸಿ ಅಂತ ಕೇಳಿ. ಕೆಲವರು ನಮ್ಮ ಮುಧೋಳ ನಾಯಿ ಆಗಲ್ವಾ ಅಂತಾರೆ. ಮುಧೋಳ ಕಣ್ಣಲ್ಲಿ ನೋಡಿ ಅಟ್ಟಿಸಿಕೊಂಡು ಹೋಗಿ ಹಿಡಿಯೋ ನಾಯಿ, ಮೊಲಕ್ಕೆ ಸರಿ, ಇಲ್ಲಿ ಬೇಕಾಗಿರೋದು ಆಳೆತ್ತರದ ಹುಲ್ಲಲ್ಲಿ ಕಾಣದೇ ಕೂತಿರೋ ಹಕ್ಕೀನ ಮೂಗಿಂದ ಹುಡುಕೋ ಕೆಲಸ.

8 ವಾರಕ್ಕೆ ಮರಿ ಮನೆಗೆ ಬಂತು ಅಂದ್ಕೊಳ್ಳಿ. ಮೊದಲ ಎರಡು ತಿಂಗಳು ಟ್ರೈನಿಂಗ್ ಅನ್ನೋ ಪದಾನೇ ಮರೆತುಬಿಡಿ. ಈ ವಯಸ್ಸಲ್ಲಿ ಅದು ಪ್ರಪಂಚ ಹೇಗಿದೆ ಅಂತ ತೀರ್ಮಾನ ಮಾಡ್ತಾ ಇರತ್ತೆ, ಲಸಿಕೆ ಬಗ್ಗೆ ವೆಟ್ ಹೇಳಿದ ಹಾಗೆ ಎಚ್ಚರ ಇಟ್ಕೊಂಡು, ಎಲ್ಲಾ ಕಡೆ ಕರ್ಕೊಂಡು ಹೋಗಿ. ಪಾದದ ಕೆಳಗೆ ಜಲ್ಲಿ, ಒದ್ದೆ ಹುಲ್ಲು, ಪಿಕಪ್ ಟ್ರಕ್ಕಿನ ಹಿಂಭಾಗ, ಚಿಕ್ಕ ತೊರೆ, ಸೈಕಲ್ಲು, ಮಕ್ಕಳು, ಎಲ್ಲಾ ಸಿಗ್ಲಿ. ಅದರ ಬಾಯಿಗೆ ಏನೇನೋ ಬರತ್ತೆ, ನಿಮ್ಮ ಚಪ್ಪಲಿ, ಮಗಳ ಸಾಕ್ಸು, ಟಿವಿ ರಿಮೋಟು. ಇಲ್ಲಿ ನೂರಕ್ಕೆ ತೊಂಬತ್ತು ಜನ ತಪ್ಪು ಮಾಡೋದು, ಹೇ ಬಿಡು ಬಿಡು ಅಂತ ಕೂಗಿ ಅಟ್ಟಿಸ್ಕೊಂಡು ಹೋಗಿ ಕಿತ್ಕೊಳ್ತಾರೆ. ಮರಿಗೆ ಅರ್ಥ ಆಗೋದೇನು? ಬಾಯಲ್ಲಿ ಏನಾದ್ರೂ ಇದ್ರೆ ಯಜಮಾನನ ಹತ್ರ ಹೋಗ್ಬಾರ್ದು. ಒಂದು ವರ್ಷ ಆದ್ಮೇಲೆ ಹುಂಜ ಬಾಯಲ್ಲಿಟ್ಕೊಂಡು ನಿಮ್ಮಿಂದ 40 ಗಜ ದೂರ ನಿಂತು ಬರಲ್ಲ, ಆಗ ನಾಯಿ ಸರಿ ಇಲ್ಲ ಅಂತೀರಿ. ಅದಕ್ಕೆ ಚಪ್ಪಲಿ ತಂದ್ರೂ ಸರಿ, ಕೂತ್ಕೊಂಡು, ಹತ್ರ ಕರೆದು, ಬೆನ್ನು ಸವರಿ, ಒಂದು ನಿಮಿಷ ಬಾಯಲ್ಲೇ ಇರೋಕೆ ಬಿಟ್ಟು, ಆಮೇಲೆ ಮೆಲ್ಲಗೆ ತಗೊಳ್ಳಿ. ಚಪ್ಪಲಿ ಹಾಳಾಗ್ಬಾರ್ದು ಅಂದ್ರೆ ಎತ್ತರದಲ್ಲಿ ಇಡಿ, ಅದು ನಿಮ್ಮ ಜವಾಬ್ದಾರಿ. ಹಗ್ಗ ಜಗ್ಗಾಟದ ಆಟ ಮಾತ್ರ ಬೇಡವೇ ಬೇಡ, ಕಚ್ಚಿ ಎಳೆಯೋ ಅಭ್ಯಾಸ ಹಕ್ಕಿ ಮೇಲೆ ಬಂದ್ರೆ ಮಾಂಸ ಹರಿದು ಹೋಗತ್ತೆ.

ಮನೆಯ ಉದ್ದ ಪ್ಯಾಸೇಜ್ ಇದ್ಯಲ್ಲ, ಅದೇ ಮೊದಲ ಮೈದಾನ. ಎಲ್ಲಾ ರೂಮಿನ ಬಾಗಿಲು ಹಾಕಿ, ನೀವು ಒಂದು ತುದೀಲಿ ಕೂತು, ಪೇಂಟ್ ರೋಲರಿನ ಮೆತ್ತನೆ ಕವರ್ ಇರತ್ತಲ್ಲ, ಅದನ್ನ ನಾಲ್ಕು ಅಡಿ ದೂರ ಎಸೀರಿ. ಮರಿ ಹೋಗಿ ಎತ್ಕೊಳ್ಳತ್ತೆ, ವಾಪಸ್ ಬರೋಕೆ ನಿಮ್ಮ ಕಡೆ ಬಿಟ್ಟು ಬೇರೆ ದಾರಿ ಇಲ್ಲ, ಬಂದ ತಕ್ಷಣ ಹೊಗಳಿಕೆ. ದಿನಕ್ಕೆ ಮೂರು, ಜಾಸ್ತಿ ಅಂದ್ರೆ ನಾಲ್ಕು ಸಲ, ಅಷ್ಟೇ. ಇನ್ನೂ ಬೇಕು ಅಂತ ಅದು ಕುಣಿತಾ ಇರೋವಾಗ್ಲೇ ನಿಲ್ಸಿ ಒಳಗೆ ಇಟ್ಬಿಡಿ. ಹತ್ತು ಸಲ ಎಸೆದು ಅದಕ್ಕೇ ಸಾಕಾಗೋವರೆಗೆ ಮಾಡಿದ್ರೆ, ಸಾಕು ಅನ್ನೋದನ್ನ ನೀವೇ ಕಲಿಸಿದ ಹಾಗೆ. 4ರಿಂದ 6 ತಿಂಗಳ ಮಧ್ಯೆ ಹಲ್ಲು ಬದಲಾಗತ್ತೆ, ವಸಡು ನೋಯ್ತಿರತ್ತೆ, ಆಗ ಎಸೆಯೋ ಆಟ ಪೂರ್ತಿ ನಿಲ್ಸಿ. ಹಿಡಿಯೋದು ಅಂದ್ರೆ ನೋವು ಅಂತ ಅದರ ತಲೇಲಿ ಕೂತ್ರೆ ತೆಗೆಯೋಕೆ ವರ್ಷ ಬೇಕು.

ನೀರಿಗೆ ಇಳಿಸೋದು ಜೂನಲ್ಲಿ, ಏಪ್ರಿಲಲ್ಲಿ ಅಲ್ಲ. ಇಲ್ಲಿ ಕೆರೆಯ ಐಸ್ ಕರಗಿದ ಕೂಡ್ಲೇ ಉತ್ಸಾಹದಲ್ಲಿ ಮರೀನ ಎತ್ತಿ ಎಸೆಯೋರನ್ನ ನಾನೇ ನೋಡಿದೀನಿ, ಕರುಳು ಚುರುಕ್ ಅನ್ನತ್ತೆ. ನೀವೇ ಪ್ಯಾಂಟ್ ಮಡಿಸ್ಕೊಂಡು ಇಳೀರಿ, ಬೆಚ್ಚಗಿನ ದಿನ, ಇಳಿಜಾರು ದಡ, ಅದು ಹಿಂದೆ ಬರತ್ತೆ, ಕಾಲು ನೆಲ ಬಿಟ್ಟಿದ್ದು ಅದಕ್ಕೇ ಗೊತ್ತಾಗಲ್ಲ, ಈಜ್ತಾ ಇರತ್ತೆ. ಆಗಸ್ಟ್ ಹೊತ್ತಿಗೆ ಕೆರೆ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಂಡ್ರೆ ಹತ್ರಾನೂ ಬಿಡ್ಬೇಡಿ, ಆ ನೀಲಿ ಹಸಿರು ಪಾಚಿ ವಿಷ, ನಾಯಿಗಳು ಗಂಟೆಗಳೊಳಗೆ ಸಾಯ್ತವೆ.

ಇನ್ನು ಮಾತು ಕಲಿಸೋದು. ನಮ್ಮನೇಲಿ ಶುರುವಲ್ಲಿ ನಾನು "ಹಿಯರ್" ಅಂತಿದ್ದೆ, ನನ್ನ ಹೆಂಡತಿ "ಬಾರೇ ಪುಟ್ಟಿ", ಮಗ "ಕಮ್", ಚುಕ್ಕಿ ಪಾಪ ಮೂರೂ ಜನರ ಮುಖ ನೋಡ್ತಿತ್ತು. ಒಂದು ದಿನ ಕೂತು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ವಿ. ಕನ್ನಡದಲ್ಲೇ ಎಲ್ಲಾ ಇರ್ಲಿ ಅಂತ ನನ್ನ ಆಸೆ ಇತ್ತು, ಆದ್ರೆ ಮಾಡ್ತಾ ಗೊತ್ತಾಯ್ತು, "ನಿಲ್ಲು" ಮತ್ತೆ "ಇಲ್ಲ" ನಾಯಿ ಕಿವಿಗೆ ಹೆಚ್ಚುಕಮ್ಮಿ ಒಂದೇ, "ಬಾ" ಮತ್ತೆ "ಬಿಡು" ಎರಡೂ ಬಕಾರದಿಂದ ಶುರು ಆಗತ್ತೆ, ದೂರದಲ್ಲಿ ಗಾಳೀಲಿ ಗೊಂದಲ ಆಗತ್ತೆ. ಕೊನೆಗೆ ನಿಂತಿದ್ದು ಹೀಗೆ, "ಬಾ", "ಕೂರು", ಪಕ್ಕದಲ್ಲೇ ನಡೆಯೋಕೆ "ಹೀಲ್", ಬಾಯಿಂದ ಬಿಡೋಕೆ "ಡ್ರಾಪ್", ಹುಡುಕೋಕೆ "ಹುಡ್ಕು", ಬೈಯೋಕೆ "ನೋ". ಭಾಷೆ ಯಾವುದಾದ್ರೂ ಇರ್ಲಿ, ಪದಗಳು ಒಂದಕ್ಕೊಂದು ಸದ್ದಲ್ಲಿ ದೂರ ಇರ್ಬೇಕು, ಮನೆಯವ್ರೆಲ್ಲ ಅದನ್ನೇ ಹೇಳ್ಬೇಕು, ಒಂದೇ ಸಲ ಹೇಳ್ಬೇಕು. ಕೂರು ಕೂರು ಕೂರು ಅಂದ್ರೆ ಮೂರನೇ ಸಲಕ್ಕೆ ಕೂತ್ರೆ ಸಾಕು ಅಂತ ಅದು ಲೆಕ್ಕ ಹಾಕ್ಕೊಳ್ಳತ್ತೆ.

ಬಾಯಿ ಮಾತಿಗಿಂತ ವಿಷಲ್ ಮುಖ್ಯ. ಬಯಲಲ್ಲಿ ಗಾಳಿ ಬೀಸ್ತಿರತ್ತೆ, ಕೂಗಿದ್ರೆ ಕೇಳಲ್ಲ, ಕೂಗಿದ್ರೆ ಹುಂಜಾನೂ ಎದ್ದು ಓಡತ್ತೆ, ಮನುಷ್ಯರ ದನಿ ಅಂದ್ರೆ ಅದಕ್ಕೆ ಚೆನ್ನಾಗಿ ಗೊತ್ತು. ಒಂದು ಉದ್ದ ಊದಿದ್ರೆ ಕೂರು, ಪಿಪ್ ಪಿಪ್ ಪಿಪ್ ಅಂತ ಸಣ್ಣದಾಗಿ ತುಂಬಾ ಸಲ ಊದಿದ್ರೆ ಬಾ, ಎರಡು ಪಿಪ್ ಅಂದ್ರೆ ದಿಕ್ಕು ತಿರುಗು. ಊಟದ ತಟ್ಟೆ ಮುಂದೆ ಕಲಿಸೋದು ಸುಲಭ, ತಟ್ಟೆ ಕೈಯಲ್ಲಿ ಹಿಡಿದು ಒಂದು ಉದ್ದ ಊದಿ, ಕೂತ ತಕ್ಷಣ ಇಡಿ, ದಿನಕ್ಕೆ ಎರಡು ಸಲ ತಾನಾಗೇ ಪಾಠ ಆಗತ್ತೆ. ಹೊರಗೆ 20–30 ಅಡಿ ಉದ್ದದ ಚೆಕ್ ಕಾರ್ಡ್, ಅಂದ್ರೆ ನೆಲದ ಮೇಲೆ ಎಳ್ಕೊಂಡು ಹೋಗೋ ಹಗ್ಗ, ಕೊರಳಿಗೆ ಕಟ್ಟಿರಿ, ಕರೆದಾಗ ಬರ್ಲಿಲ್ಲ ಅಂದ್ರೆ ಬೈಬೇಡಿ, ಹಗ್ಗ ಹಿಡಿದು ನಿಧಾನಕ್ಕೆ ಎಳ್ಕೊಳ್ಳಿ, ಬಂದ್ಮೇಲೆ ಹೊಗಳಿ. ಕರೆದು ಬಂದ ನಾಯಿಗೆ ಯಾವತ್ತೂ ಹೊಡೀಬೇಡಿ, ಏನೇ ಮಾಡಿರ್ಲಿ.

ಎಲೆಕ್ಟ್ರಿಕ್ ಕಾಲರ್ ಬಗ್ಗೆ ಎಲ್ರೂ ಕೇಳ್ತಾರೆ. ನನ್ನ ಹತ್ರ ಇದೆ, ಮುಳ್ಳುತಂತಿ ಹತ್ರ, ಹೈವೇ ಹತ್ರ ಅದು ನಾಯಿ ಜೀವ ಉಳಿಸತ್ತೆ. ಆದ್ರೆ ಹಗ್ಗದಲ್ಲಿ ನೂರು ಸಲ ಸರಿಯಾಗಿ ಮಾಡಿದ ಕೆಲಸಕ್ಕೆ ಮಾತ್ರ, ನಾಯಿ ಕಿವಿ ಸ್ವಲ್ಪ ಅಲುಗೋ ಅಷ್ಟು ಸಣ್ಣ ಮಟ್ಟದಲ್ಲಿ ಮಾತ್ರ, ಹೊಸದನ್ನ ಕಲಿಸೋಕೆ ಅಲ್ಲ, ಸಿಟ್ಟು ತೀರಿಸ್ಕೊಳ್ಳೋಕಂತೂ ಅಲ್ವೇ ಅಲ್ಲ. ಹಕ್ಕಿ ಹತ್ರ ಇರೋವಾಗ ಬಟನ್ ಒತ್ತಿದ್ರೆ ನೋವು ಬಂದಿದ್ದು ಹಕ್ಕಿಯಿಂದ ಅಂತ ಅದು ತಿಳ್ಕೊಳ್ಳತ್ತೆ, ಆಮೇಲೆ ಹಕ್ಕಿ ವಾಸನೆ ಬಂದ್ರೆ ಸುತ್ತು ಹಾಕ್ಕೊಂಡು ಹೋಗತ್ತೆ. ಫೋರ್ಸ್ ಫೆಚ್ ಅಂತ ಇನ್ನೊಂದು ಪದ್ಧತಿ ಇದೆ, ಕಿವಿ ಹಿಂಡಿ ಹಿಡಿಯೋಕೆ ಕಲಿಸೋದು, ಸ್ಪರ್ಧೆ ನಾಯಿಗಳಿಗೆ ತುಂಬಾ ಜನ ಮಾಡ್ತಾರೆ. ನಾನು ಮಾಡ್ಲಿಲ್ಲ. ಚುಕ್ಕಿಗೆ ದಿನಾ ಹತ್ತು ನಿಮಿಷ ಟೇಬಲ್ ಮೇಲೆ ಕೂರಿಸಿ, ಮರದ ಸಣ್ಣ ಕೋಲು ಬಾಯಲ್ಲಿ ಹಿಡಿಸಿ, ಗಲ್ಲದ ಕೆಳಗೆ ಕೈಯಿಟ್ಟು, ಹಿಡ್ಕೊಂಡಿದ್ದಷ್ಟು ಹೊತ್ತೂ ಹೊಗಳಿ, ಬಿಡೋಕೆ ಹೇಳಿದಾಗ ಚೀಸ್ ಚೂರು ಕೊಟ್ಟು ಎರಡು ತಿಂಗಳಲ್ಲಿ ಕಲಿಸಿದೆ. ನಿಧಾನ, ಆದ್ರೆ ಅವಳು ಹಕ್ಕಿ ತಂದು ಕೈಗೇ ಕೊಡ್ತಾಳೆ.

ಈಗ ಹಕ್ಕಿ. ಇದೇ ಇಡೀ ಬರಹದ ಮುಖ್ಯ ಭಾಗ, ಇಲ್ಲಿ ಅವಸರ ಮಾಡ್ಬೇಡಿ. ಮೊದಲು ಒಂದು ಒಣಗಿದ ರೆಕ್ಕೆ, ಬಂಪರಿಗೆ ಕಟ್ಟಿ ಎಸೆಯೋದು. ಆಮೇಲೆ ಫ್ರೀಜರಲ್ಲಿಟ್ಟ ಪಾರಿವಾಳ, ಕರಗಿಸಿ, ಒರೆಸಿ ಕೊಡೋದು. ಅದನ್ನ ಖುಷಿಯಾಗಿ ಎತ್ಕೊಂಡು ಬಂದ್ರೆ, ರೆಕ್ಕೆಗೆ ಟೇಪ್ ಹಾಕಿದ ಜೀವಂತ ಪಾರಿವಾಳ, ಹುಲ್ಲಲ್ಲಿ ಓಡಾಡ್ತಿರತ್ತೆ, ಮರಿ ಮೂಸಿ, ಹಿಂದೆ ಸರಿದು, ಮತ್ತೆ ಮೂಸಿ, ಆಮೇಲೆ ಒಂದು ಕ್ಷಣ ಅದರ ಕಣ್ಣಲ್ಲಿ ಏನೋ ಹೊತ್ಕೊಂಡ ಹಾಗೆ ಆಗತ್ತೆ, ಬಾಲ ನಿಂತುಬಿಡತ್ತೆ, ಆಮೇಲೆ ನೆಗೆಯತ್ತೆ. ಸಾವಿರಾರು ತಲೆಮಾರಿನ ಬುದ್ಧಿ ಅದು, ನೀವು ಕಲಿಸಿದ್ದಲ್ಲ, ನೀವು ಮಾಡ್ಬೇಕಾಗಿರೋದು ಅಡ್ಡ ಬರದೇ ಇರೋದು ಮಾತ್ರ. ಕೊನೆಗೆ ಹಾರೋ ಪಾರಿವಾಳ, ಹುಲ್ಲಲ್ಲಿ ಇಟ್ಟು, ಮರಿ ಹುಡುಕಿ ಎಬ್ಬಿಸಿ, ಅಟ್ಟಿಸ್ಕೊಂಡು ಹೋಗ್ಲಿ, ಸಿಗಲ್ಲ, ಸಿಗ್ಬಾರ್ದು. ಪಾರಿವಾಳ ಹಾಲಿನ ಡೈರಿ ಇಟ್ಟಿರೋ ರೈತರನ್ನ ಕೇಳಿದ್ರೆ ಸಿಗತ್ತೆ, ಕೊಟ್ಟಿಗೆ ತುಂಬಾ ಇರತ್ತೆ, ಹಿಡ್ಕೊಂಡು ಹೋಗಿ ಪುಣ್ಯ ಬರತ್ತೆ ಅಂತಾರೆ. ದೊಡ್ಡ ಹುಂಜಾನ ಮಾತ್ರ ಚಿಕ್ಕ ಮರಿ ಮುಂದೆ ಬಿಡ್ಬೇಡಿ, ಅದರ ಕಾಲಿನ ಮುಳ್ಳು ಮುಖಕ್ಕೆ ಒಂದು ಸಲ ಬಿದ್ರೆ ಮರಿ ಹಕ್ಕಿ ಕಡೆ ಮತ್ತೆ ಮುಖ ಹಾಕೋಕೆ ಹೆದರತ್ತೆ.

ಹಾರಿದ ಹಕ್ಕಿ ಹಿಂದೆ ಮರಿ ಹುಚ್ಚಿಗೆ ಬಿದ್ದ ಹಾಗೆ ಓಡ್ತಾ ಇದೆ, ಕಿವಿ ಮುಂದೆ, ಪ್ರಪಂಚ ಮರೆತಿದೆ, ಕೋವಿ ಸದ್ದು ಬರ್ಬೇಕಾಗಿರೋದು ಆವಾಗ. ಅದಕ್ಕಿಂತ ಒಂದು ದಿನ ಮುಂಚೆ ಅಲ್ಲ. ಸ್ನೇಹಿತರೊಬ್ರನ್ನ 100 ಗಜ ದೂರ ನಿಲ್ಸಿ, ಸ್ಟಾರ್ಟರ್ ಪಿಸ್ತೂಲಲ್ಲಿ ಗುಂಡಿಲ್ಲದ, ಸದ್ದು ಮಾತ್ರ ಮಾಡೋ ಒಂದು ತೋಟೆ, ಮರಿ ಹಕ್ಕಿ ಹಿಂದೆ ಓಡ್ತಿರೋವಾಗ. ನೀವು ಸದ್ದಿನ ಕಡೆ ನೋಡ್ಬೇಡಿ, ಮರಿ ನೋಡ್ತಾ ಇರಿ. ಕಿವಿ ಹಿಂದೆ ಹೋಯ್ತಾ, ಬಾಲ ಕೆಳಗಿಳೀತಾ, ಓಟ ನಿಲ್ಸಿ ನಿಮ್ಮ ಕಡೆ ತಿರುಗ್ತಾ? ಹಾಗಿದ್ರೆ ಅವತ್ತಿಗೆ ಮುಗೀತು, ಮುಂದಿನ ವಾರ 200 ಗಜ. ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಿದ್ರೆ, ಮುಂದಿನ ಸಲ 80, ಆಮೇಲೆ 60, ಹೀಗೆ ವಾರಗಟ್ಲೆ. ಆಮೇಲೆ ನಿಜವಾದ ಕೋವಿ, ಚಿಕ್ಕದರಿಂದ ದೊಡ್ಡದಕ್ಕೆ, ಮೊದಲು .410, ಆಮೇಲೆ 20 ಗೇಜ್, ಕೊನೆಗೆ 12 ಗೇಜ್. ಕೊನೆಗೆ ಅದರ ತಲೇಲಿ ಕೋವಿ ಸದ್ದು ಅಂದ್ರೆ ಹಕ್ಕಿ ಅನ್ನೋ ಒಂದೇ ಅರ್ಥ ಉಳಿಬೇಕು, ನಾನು ಕೇಸ್ ಜಿಪ್ ಎಳೆದ್ರೆ ಚುಕ್ಕಿ ಈಗ ಬಾಗಿಲ ಹತ್ರ ಕುಣಿಯತ್ತೆ. ನಾಯಿಗೆ ಸದ್ದು ತಾನಾಗಿ ಅಭ್ಯಾಸ ಆಗಲ್ಲ, ಸದ್ದಿನ ಜೊತೆ ಏನು ಬಂತು ಅನ್ನೋದು ನೆನಪಿರತ್ತೆ. ದೀಪಾವಳಿ ಪಟಾಕಿಗೆ ಊರಲ್ಲಿ ನಾಯಿಗಳು ಮಂಚದ ಕೆಳಗೆ ಸೇರೋದು ಯಾಕೆ, ಪ್ರತಿ ವರ್ಷ ಕೇಳಿದ್ರೂ ಹೆದರಿಕೆ ಹೆಚ್ಚೇ ಆಗತ್ತಲ್ಲ? ಜುಲೈ 4, ಇಲ್ಲಿನ ಸ್ವಾತಂತ್ರ್ಯ ದಿನ, ಅವತ್ತು ರಾತ್ರಿ ಪಟಾಕಿ ಜೋರು, ಮರೀನ ಒಳಗಿನ ರೂಮಲ್ಲಿ ಫ್ಯಾನ್, ಟಿವಿ ಹಾಕಿ ಇಡಿ, ಯಾರೇ ಏನೇ ಹೇಳ್ಲಿ ಪಟಾಕಿ ತೋರ್ಸೋಕೆ ಕರ್ಕೊಂಡು ಹೋಗ್ಬೇಡಿ.

ಹುಲ್ಲಲ್ಲಿ ಹುಡುಕೋ ರೀತಿ ಅಂದ್ರೆ ನಿಮ್ಮ ಮುಂದೆ ಅಡ್ಡಡ್ಡ, ಎಡಕ್ಕೆ ಬಲಕ್ಕೆ, ಕಾರಿನ ವೈಪರ್ ಥರ. ಗಾಳಿಗೆ ಎದುರಾಗಿ ನಡೀರಿ, ಒಣ ಹುಲ್ಲು ಪುಡಿ ಮಾಡಿ ಕೈಯಿಂದ ಬಿಟ್ರೆ ಗಾಳಿ ಯಾವ ಕಡೆ ಅಂತ ಗೊತ್ತಾಗತ್ತೆ. ನೀವೂ ಅಂಕುಡೊಂಕಾಗಿ ನಡೀತಾ, ಅಂಚು ಮುಟ್ಟಿದ ಕೂಡ್ಲೇ ಎರಡು ಪಿಪ್ ಊದಿ ತಿರುಗಿ, ಆ ತುದಿಯಲ್ಲಿ ಮುಂಚೆನೇ ಒಂದು ಪಾರಿವಾಳ ಬಚ್ಚಿಟ್ಟಿರಿ, ತಿರುಗಿದ್ರೆ ಹಕ್ಕಿ ಸಿಗತ್ತೆ ಅಂತ ಅದಕ್ಕೆ ನಂಬಿಕೆ ಬರ್ಲಿ. ಲ್ಯಾಬ್ ಹಕ್ಕಿ ಎಬ್ಬಿಸೋ ನಾಯಿ, ಪಾಯಿಂಟರ್ ಜಾತಿ ನಾಯಿ ಥರ ಹಕ್ಕಿ ಕಡೆ ಮುಖ ಮಾಡಿ ನಿಂತು ಕಾಯಲ್ಲ, ಅದಕ್ಕೆ ನಿಮ್ಮಿಂದ 25–30 ಗಜದ ಒಳಗೇ ಇರ್ಬೇಕು, 60 ಗಜದಲ್ಲಿ ಎದ್ದ ಹುಂಜಕ್ಕೆ ನೀವು ಕೈ ಬೀಸ್ಬಹುದು ಅಷ್ಟೇ. ತಂಪು, ಸ್ವಲ್ಪ ತೇವ ಇರೋ ಬೆಳಿಗ್ಗೆ ವಾಸನೆ ಚೆನ್ನಾಗಿ ನಿಲ್ಲತ್ತೆ, ಒಣ ಬಿಸಿಲಿನ ಮಧ್ಯಾಹ್ನ ಒಳ್ಳೊಳ್ಳೆ ನಾಯೀನೂ ಹಕ್ಕಿ ಪಕ್ಕದಲ್ಲೇ ದಾಟಿ ಹೋಗತ್ತೆ, ಆಗ ಬೈಬೇಡಿ.

ಹಕ್ಕಿ ಎದ್ದಾಗ ಕೂರೋದು ಕಲಿಸಿದ್ರೆ ಒಳ್ಳೇದು, ಅದಕ್ಕೆ ಒಂದು ವರ್ಷ ಜಾಸ್ತಿ ಬೇಕಾಗ್ಬಹುದು. ಅಲ್ಲೀವರೆಗೆ ಒಂದು ನಿಯಮ ಮುರೀಬೇಡಿ, ಹಕ್ಕಿ ಕೆಳಗೆ ಆಕಾಶ ಕಂಡ್ರೆ ಮಾತ್ರ ಹೊಡೀಬೇಕು. ಹುಲ್ಲಿನ ಮಟ್ಟದಲ್ಲಿ ಹಾರೋ ಹುಂಜದ ಹಿಂದೆ ನೆಗೆದ ನಾಯಿ ಇರತ್ತೆ. ನನ್ನ ಜೊತೆ ಬರೋರಿಗೆ ಕೋವಿ ಲೋಡ್ ಮಾಡೋಕೆ ಮುಂಚೆ ಇದನ್ನ ಬಾಯಿಬಿಟ್ಟು ಹೇಳ್ತೀನಿ. ಕಣ್ಣಿಗೆ ಹೊಡೆಯೋ ಕೇಸರಿ (ಬ್ಲೇಜ್ ಆರೆಂಜ್) ಇಲ್ಲ ಬ್ಲೇಜ್ ಪಿಂಕ್ ಬಟ್ಟೆ ಒಂದಾದ್ರೂ ನಿಮ್ಮ ಸೊಂಟದಿಂದ ಮೇಲೆ ಇರ್ಲೇಬೇಕು, ಕಾನೂನು, ನಾಯಿಗೂ ಒಂದು ವೆಸ್ಟ್ ಹಾಕಿ, ಮುಳ್ಳುತಂತಿಯಿಂದ ಎದೆ ಉಳಿಯತ್ತೆ.

ಹೊಡೆದ ಹಕ್ಕಿ ತರೋದು ಯಾಕೆ ಇಷ್ಟು ಮುಖ್ಯ ಅಂದ್ರೆ, ಫೆಸೆಂಟ್ ಹುಂಜ ಚರೆ ತಗುಲಿ ಬಿದ್ರೂ ಕಾಲು ಚೆನ್ನಾಗಿದ್ರೆ ಕುದುರೆ ಥರ ಓಡತ್ತೆ, ಇಲಿ ಬಿಲದಲ್ಲಿ ತಲೆ ತೂರಿಸತ್ತೆ, ಜಂಬುಹುಲ್ಲಿನ ಬುಡದಲ್ಲಿ ನೀರಿಗೆ ಮೈ ಒತ್ತಿ ಕೂರತ್ತೆ. ನಾಯಿ ಇಲ್ದೆ ಹೋದ್ರೆ ಗಾಯ ಆದ ಹಕ್ಕಿ ಸಿಗಲ್ಲ, ಅಲ್ಲೇ ನರಳಿ ಸಾಯತ್ತೆ, ಅದು ಮಹಾ ಪಾಪ. ಇದಕ್ಕೆ ಜಾಡು ಹಿಡಿಯೋ ಅಭ್ಯಾಸ ಮಾಡ್ಸಿ, ಸತ್ತ ಹಕ್ಕಿಗೆ ದಾರ ಕಟ್ಟಿ, ಹುಲ್ಲಲ್ಲಿ ಗಾಳಿ ಹೋಗೋ ದಿಕ್ಕಲ್ಲೇ 50 ಹೆಜ್ಜೆ ಎಳೆದು ಕೊನೇಲಿ ಬಿಡಿ, ಶುರುವಲ್ಲಿ ನಾಲ್ಕು ಗರಿ ಕಿತ್ತು ಹಾಕಿ, ನಾಯಿ ಅಲ್ಲಿಗೆ ತಂದು "ಹುಡ್ಕು" ಅನ್ನಿ. ಆಮೇಲೆ ಒಂದು ತಿರುವು, ಆಮೇಲೆ ಎರಡು, ಉದ್ದ 100 ಹೆಜ್ಜೆ, 150.

ಕಳೆದ ನವೆಂಬರಲ್ಲಿ ಮಿನ್ನೆಸೋಟಾದ ಮಾರ್ಷಲ್ ಊರಿನ ಕಡೆ ಒಂದು ಹುಂಜ ಹೊಡೆದೆ, ಒಂದು ಒಣ ಮರದ ಪಕ್ಕ ಬಿತ್ತು, ನಾನೇ ಕಣ್ಣಾರೆ ನೋಡಿದೆ. ಚುಕ್ಕಿ ಬಂದು ಅಲ್ಲಿ ಒಂದು ಸಲ ಮೂಸಿ, ಸೀದಾ ಚರಂಡಿ ಹಿಡ್ಕೊಂಡು ದೂರ ಹೊರಟ್ಳು. ನಾನು ವಿಷಲ್ ಊದಿ ವಾಪಸ್ ಕರೆದೆ, ಇಲ್ಲೇ ಇದೆ ಕಣೇ ಅಂತ ಮರದ ಬುಡ ತೋರಿಸಿದೆ, ಬಂದು ನನ್ನ ಮುಖ ನೋಡಿ ಮತ್ತೆ ಅದೇ ಚರಂಡಿ ಕಡೆ. ಮತ್ತೆ ಕರೆದೆ. ಮೂರನೇ ಸಲ ಸುಮ್ನಾದೆ. ಹತ್ತು ನಿಮಿಷ ಆಯ್ತು, ಸುಮಾರು 200 ಗಜ ಆಚೆ ಜಂಬುಹುಲ್ಲಿಂದ ಹೊರಗೆ ಬಂದ್ಳು, ಬಾಯಲ್ಲಿ ಜೀವಂತ ಹುಂಜ, ಒಂದು ರೆಕ್ಕೆ ಮಾತ್ರ ಮುರಿದಿತ್ತು, ತಲೆ ಎತ್ತಿ ನೋಡ್ತಿತ್ತು. ಅವತ್ತಿಂದ ಹುಡ್ಕು ಅಂದ್ಮೇಲೆ ನಾನು ವಿಷಲ್ ಜೇಬಿಗೆ ಹಾಕ್ತೀನಿ. ಕರೆದಾಗ ಬರೋದನ್ನ ಅಷ್ಟು ಕಷ್ಟಪಟ್ಟು ಕಲಿಸಿರ್ತೀವಿ, ಅದೇ ಮಾತನ್ನ ತಪ್ಪು ಹೊತ್ತಲ್ಲಿ ಬಳಸಿ ಎರಡು ಸಲ ಅವಳನ್ನ ಸರಿ ದಾರಿಯಿಂದ ಎಳೆದುಬಿಟ್ಟಿದ್ದೆ. ಮೂಗಿನ ವಿಷಯದಲ್ಲಿ ನಾಯಿ ಹೇಳಿದ್ದೇ ಸರಿ.

ಮೊದಲ ಸೀಸನಲ್ಲಿ ಹತ್ತು ಜನರ ಗುಂಪಿಗೆ ಕರ್ಕೊಂಡು ಹೋಗ್ಬೇಡಿ, ಒಬ್ರೇ ಜೊತೆಗಾರರು ಸಾಕು, ಅವ್ರು ಹೊಡೀಲಿ, ನೀವು ನಾಯಿ ನೋಡ್ಕೊಳ್ಳಿ. ಎರಡು ಗಂಟೆ, ಅಷ್ಟೇ. ಓಪನಿಂಗ್ ದಿನ ಸೆಕೆ ಇದ್ರೆ ಮನೇಲೇ ಇರಿ, 2003ರ ಓಪನಿಂಗ್ ವೀಕೆಂಡಲ್ಲಿ ಸೌತ್ ಡಕೋಟಾದಲ್ಲಿ ಬಿಸಿಲಿಗೆ ಎಷ್ಟೋ ನಾಯಿಗಳು ಸತ್ತವು, ಲ್ಯಾಬ್ ತಾನಾಗಿ ನಿಲ್ಲಲ್ಲ, ಬೀಳೋವರೆಗೂ ಓಡತ್ತೆ. ನಾಯಿಯ ಮಾಮೂಲಿ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 106 ಹತ್ರ ಹೋದ್ರೆ ಜೀವಕ್ಕೇ ಅಪಾಯ. ನಾಲಿಗೆ ಅಗಲ ಆಗಿ ಜೋತು ಬಿದ್ದು, ವಸಡು ಕಡುಕೆಂಪಾಗಿ, ನಡಿಗೆ ತೂರಾಡೋಕೆ ಶುರು ಆಯ್ತು ಅಂದ್ರೆ ತಕ್ಷಣ ನೆರಳು, ಮೈ ತುಂಬಾ ನೀರು, ಗಾಳಿ, ಸೀದಾ ವೆಟ್. ಹೊಟ್ಟೆ ತುಂಬಾ ಊಟ ಹಾಕಿ ಓಡಿಸ್ಬೇಡಿ, ದೊಡ್ಡ ಊಟ ಸಂಜೆ, ಮೈ ಆರಿದ್ಮೇಲೆ. ನವೆಂಬರ್ ಕೊನೇಲಿ ಜಂಬುಹುಲ್ಲಿನ ಜೌಗು ಮೇಲೆ ತೆಳ್ಳಗೆ ಐಸ್ ಕಟ್ಟಿರತ್ತೆ, ಆ ಹದಿನೈದು ದಿನ ಅತ್ತ ಹೋಗ್ಲೇಬೇಡಿ, ಹಕ್ಕಿ ಐಸ್ ಮೇಲೆ ಬಿದ್ರೆ ನಾಯಿ ಯೋಚನೆ ಮಾಡಲ್ಲ.

ಮನೆಗೆ ಬಂದ್ಮೇಲೆ ನಿಮ್ಮ ಸ್ನಾನ ಆಮೇಲೆ, ಮೊದಲು ನಾಯಿ. ಬೆರಳ ಸಂದು, ಕಂಕುಳು, ಕಿವಿ ಒಳಗೆ, ಕಣ್ಣಿನ ರೆಪ್ಪೆ ಕೆಳಗೆ ಟಾರ್ಚ್ ಹಾಕಿ ನೋಡಿ. ಹುಲ್ಲಿನ ಬೀಜದ ಮುಳ್ಳು ಚರ್ಮದ ಒಳಗೆ ಹೊಕ್ರೆ ಹಿಂದೆ ಬರಲ್ಲ, ಮುಂದಕ್ಕೇ ಹೋಗತ್ತೆ, ತಿಂಗಳ ಮೇಲೆ ಕೀವು ತುಂಬಿ ಆಪರೇಷನ್ ಆಗ್ಬೇಕಾಗತ್ತೆ. ಉಣುಗು ಕಿತ್ತು ಹಾಕಿ, ಅದರಿಂದ ಹರಡೋ ಲೈಮ್ ಕಾಯಿಲೆ ಇಲ್ಲಿದೆ. ಕಾರಲ್ಲಿ ಚಿಮಟ, ಬ್ಯಾಂಡೇಜ್, ಕಣ್ಣು ತೊಳೆಯೋ ಸಲೈನ್, ಮುಳ್ಳುಹಂದಿ ಮುಳ್ಳು ಕೀಳೋಕೆ ಇಕ್ಕಳ ಇರ್ಲಿ. ಕೆಲವು ಸಾರ್ವಜನಿಕ ಜಾಗದಲ್ಲಿ ಟ್ರ್ಯಾಪ್ ಇಟ್ಟಿರ್ತಾರೆ, ಅದನ್ನ ಬಿಚ್ಚೋದು ಹೇಗೆ ಅಂತ ಮನೇಲೇ ಒಂದು ತರಿಸಿ ಅಭ್ಯಾಸ ಮಾಡಿ, ನಾಯಿ ಕುತ್ತಿಗೆ ಸಿಕ್ಕಾಗ ವಿಡಿಯೋ ಹುಡುಕೋಕೆ ಟೈಮ್ ಇರಲ್ಲ.

ಮಿನ್ನೆಸೋಟಾದಲ್ಲಿ ಸೀಸನ್ ಜನವರಿ 1ಕ್ಕೆ ಮುಗಿಯತ್ತೆ. ಏಪ್ರಿಲ್ ಮಧ್ಯದಿಂದ ಹೇಂಟೆಗಳು ಮೊಟ್ಟೆ ಇಟ್ಟು ಕಾವು ಕೂರೋ ಕಾಲ, ಆಗ ಹುಲ್ಲುಗಾವಲಲ್ಲಿ ನಾಯಿ ಬಿಟ್ಟು ಟ್ರೈನಿಂಗ್ ಮಾಡೋಕೆ ನಿರ್ಬಂಧ ಇರತ್ತೆ, ನಿಮ್ಮ ರಾಜ್ಯದ ತಾರೀಖು ನೋಡ್ಕೊಳ್ಳಿ. ಆ ತಿಂಗಳುಗಳು ಹಿತ್ತಿಲಲ್ಲಿ ವಿಷಲ್, ಕೆರೇಲಿ ಬಂಪರ್. ಹತ್ರದಲ್ಲಿ ರಿಟ್ರೀವರ್ ಕ್ಲಬ್ (ಹೊಡೆದ ಹಕ್ಕಿ ತರೋ ನಾಯಿಗಳ ಕ್ಲಬ್) ಇದ್ರೆ ಹೋಗಿ, ಎ.ಕೆ.ಸಿ. (ಅಮೆರಿಕನ್ ಕೆನೆಲ್ ಕ್ಲಬ್) ಹಂಟ್ ಟೆಸ್ಟಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಮೆಟ್ಟಿಲಿದೆ, ನಾಯಿ ನಾಯಿ ಮಧ್ಯೆ ಪೈಪೋಟಿ ಅಲ್ಲ, ಒಂದು ಮಟ್ಟ ಮುಟ್ಟಿದ್ರೆ ಪಾಸ್, ಸರ್ಟಿಫಿಕೇಟಿಗಿಂತ ಅಲ್ಲಿ ಬರೋ ಹಿರಿಯರ ಜೊತೆ ಒಂದು ಬೆಳಿಗ್ಗೆ ಕಳೆಯೋದು ದೊಡ್ಡದು, ಹಕ್ಕಿ ಅವರೇ ಕೊಡ್ತಾರೆ, ನಿಮ್ಮ ಕೈ ತಪ್ಪು ಎಲ್ಲಿದೆ ಅಂತ ಎರಡು ನಿಮಿಷದಲ್ಲಿ ಹೇಳ್ತಾರೆ. ಆಗಸ್ಟ್ ಮಧ್ಯದಿಂದ ನಾವು ಬೆಳಿಗ್ಗೆ 5:30ಕ್ಕೆ ಏಳ್ತೀವಿ, ಬಿಸಿಲು ಏರೋಕೆ ಮುಂಚೆ ಮೊದಲ ವಾರ 20 ನಿಮಿಷ ನಡಿಗೆ, ಆಮೇಲೆ ಓಟ, ಆಮೇಲೆ ಎತ್ತರದ ಹುಲ್ಲು, ಪಕ್ಕೆಲುಬು ಕೈಗೆ ಸಿಗೋವಷ್ಟು ಅವಳ ಮೈ ಇಳಿಯೋವರೆಗೆ. ಅಕ್ಟೋಬರ್ ಹೊತ್ತಿಗೆ ಪಾದದ ಚರ್ಮ ಗಟ್ಟಿ ಆಗಿರತ್ತೆ, ನನ್ನ ಮಂಡಿಯೂ ಸ್ವಲ್ಪ ಹದಕ್ಕೆ ಬಂದಿರತ್ತೆ.